ನನ್ನ ದವಡೆಗೆ ತುಂಬಿದ ಪುಡಿ ಯಾವುದು?

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಮೂವತ್ತು ವರ್ಷಗಳಿಂದ ದಲಾಲಿ ಅಂಗಡಿ ನಡೆಸುತ್ತಿದ್ದೇನೆ. ಲಾಟ್ ಚೀಟಿ ಇಲ್ಲದ ಚೀಲ ನಮ್ಮಲ್ಲಿ ಕದಲುವುದಿಲ್ಲ. ಹೊಸ ಹಲ್ಲು ಕೂರಿಸುವ ಮುನ್ನ ಸವೆದ ದವಡೆಗೆ ತುಂಬುವ ಮಾಲಿನ ಮೂಲ ಕೇಳಿದರೆ, ನಾನು ಮೊದಲು ಹೋಗಿದ್ದ ದವಾಖಾನೆಯಲ್ಲಿ “ಎಲುಬಿನ ಪುಡಿ, ಎಲ್ಲರಿಗೂ ಇದನ್ನೇ ಹಾಕುತ್ತೇವೆ” ಎಂದಷ್ಟೇ ಹೇಳಿದರು. ಮುಂಗಡ ಕೊಡದೆ ಎದ್ದು ಬಂದೆ. ಆಮೇಲೆ ಹೋಗಿದ್ದು ಹುಬ್ಬಳ್ಳಿ ವಿದ್ಯಾನಗರದ ಈ ದಂತ ಚಿಕಿತ್ಸಾಲಯಕ್ಕೆ.

ಮೇಲಿನ ದವಡೆ ಹಲ್ಲು ಕೀಳಿಸಿ ಆರು ವರ್ಷ ಹಾಗೆಯೇ ಬಿಟ್ಟಿದ್ದೆ. ಹಲ್ಲು ಹೋದಲ್ಲಿ ಎಲುಬು ಸವೆಯುತ್ತದೆ, ಅದರ ಮೇಲಿನ ಸೈನಸ್ (ಮೂಗಿನ ಪಕ್ಕದ ಗಾಳಿಗೂಡು) ಕೆಳಗಿಳಿಯುತ್ತದೆ. ಸ್ಕ್ಯಾನ್‌ನಲ್ಲಿ ಉಳಿದಿದ್ದ ಎಲುಬಿನ ಎತ್ತರ 4 ಮಿಲಿಮೀಟರ್. ಕೂರಿಸಬೇಕಾದ ಇಂಪ್ಲಾಂಟ್, ಅಂದರೆ ಹಲ್ಲಿನ ಬೇರಿನ ಬದಲು ಎಲುಬಿಗೆ ಹಾಕುವ ತಿರುಪು, 10 ಮಿಲಿಮೀಟರ್. ಪಕ್ಕದಿಂದ ಸಣ್ಣ ಕಿಟಕಿ ಕೊರೆದು, ಈರುಳ್ಳಿಯ ಒಳಪೊರೆಯಷ್ಟು ತೆಳುವಾದ ಸೈನಸ್ ಪೊರೆಯನ್ನು ಮೇಲೆತ್ತಿ, ಕೆಳಗಿನ ಜಾಗ ತುಂಬಬೇಕಿತ್ತು.

ಡಾಕ್ಟರ್ ಮೇಡಂ ಮೊದಲ ದಿನವೇ ಎಲ್ಲವನ್ನೂ ಬಿಡಿಸಿ ಹೇಳಿದರು. “ಯಜಮಾನರೇ, ಇದು ದನದ ಎಲುಬಿನಿಂದ ತಯಾರಾದದ್ದು. ಬಹಳ ವರ್ಷಗಳಿಂದ ಬಳಕೆಯಲ್ಲಿದೆ, ನಿಧಾನವಾಗಿ ಕರಗುತ್ತದೆ. ಇದು ದಾನ ಮಾಡಿದ ಮನುಷ್ಯರ ಎಲುಬು. ನಿಮ್ಮದೇ ದವಡೆಯ ಹಿಂಭಾಗದಿಂದಲೂ ತೆಗೆಯಬಹುದು, ಆದರೆ ಇನ್ನೊಂದು ಗಾಯವಾಗುತ್ತದೆ. ಇದು ಕಾರ್ಖಾನೆಯಲ್ಲಿ ಮಾಡಿದ ಕ್ಯಾಲ್ಸಿಯಂ ಫಾಸ್ಫೇಟ್.” ನಾವು ಲಿಂಗ ಕಟ್ಟಿದವರು, ಕೊನೆಯದನ್ನೇ ಆರಿಸಿದೆ. ಮುಖ ಸಣ್ಣದು ಮಾಡದೆ ಬರೆದುಕೊಂಡರು. ಈ ಒಂದು ಗೌರವಕ್ಕಾಗಿಯೇ ನಾನು ಇದನ್ನು ಬರೆಯುತ್ತಿದ್ದೇನೆ.

ಶಸ್ತ್ರಚಿಕಿತ್ಸೆಯ ದಿನ ತೋಳಿನಿಂದ ನಾಲ್ಕು ಕೊಳವೆ ರಕ್ತ ತೆಗೆದರು. ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಆ ಕೊಳವೆಗಳಲ್ಲಿ ಇರುವುದಿಲ್ಲ; ಆದ್ದರಿಂದ ನರ್ಸ್ ಓಡುನಡಿಗೆಯಲ್ಲೇ ಯಂತ್ರಕ್ಕೆ ಹಾಕಿದರು. ನಿಮಿಷಕ್ಕೆ 2700 ಸುತ್ತು, 12 ನಿಮಿಷ. ಕೊಳವೆಯನ್ನು ನನಗೂ ತೋರಿಸಿದರು: ತಳದಲ್ಲಿ ಕೆಂಪು, ಮೇಲೆ ತಿಳಿ ಹಳದಿ ನೀರು, ನಡುವೆ ಗಿಣ್ಣದಂತೆ ನಡುಗುವ ಗಟ್ಟಿ. ಅದೇ ಪಿಆರ್‌ಎಫ್, ಪ್ಲೇಟ್‌ಲೆಟ್ ಕಣಗಳು ತುಂಬಿದ ನನ್ನದೇ ರಕ್ತದ ಹೆಪ್ಪು. 2001ರಲ್ಲಿ ಫ್ರಾನ್ಸ್‌ನ ಶುಕ್ರೂನ್ ಎಂಬ ವೈದ್ಯರು ಪರಿಚಯಿಸಿದ ವಿಧಾನವಂತೆ. ಚಿಮಟಿಯಿಂದ ಎಳೆದು, ಕೆಂಪನ್ನು ಕತ್ತರಿಸಿ, ಒಂದಿಷ್ಟನ್ನು ಒತ್ತಿ ಹಾಳೆ ಮಾಡಿದರು. ಉಳಿದದ್ದನ್ನು ಹೆಚ್ಚಿ ಪುಡಿಗೆ ಬೆರೆಸಿದಾಗ ಅದು ನೆನೆದ ರವೆಯಂತೆ ಒಂದಕ್ಕೊಂದು ಅಂಟಿಕೊಂಡಿತು. “ಇದರಿಂದ ಎಲುಬು ಬೇಗ ಬೆಳೆಯುತ್ತದೆಯೇ?” ಎಂದೆ. “ಒಸಡಿನ ಗಾಯ ಮಾಯಲು ನೆರವಾಗುತ್ತದೆ. ಎಲುಬು ಹೆಚ್ಚು ಬೆಳೆಯುತ್ತದೆ ಎಂದು ಖಚಿತವಾಗಿ ಹೇಳಲಾರೆ, ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ” ಎಂದರು. ಮಾರುವವರ ಬಾಯಲ್ಲಿ ಇಂಥ ಮಾತು ಅಪರೂಪ.

ಕೆನ್ನೆ ನಾಲ್ಕು ದಿನ ಊದಿತ್ತು. ಮೂಗು ಸೀಟುವಂತಿಲ್ಲ, ಸ್ಟ್ರಾದಲ್ಲಿ ಹೀರುವಂತಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಒತ್ತಡಕ್ಕೆ ತುಂಬಿದ ಪುಡಿ ಕದಲಬಹುದು. ಮೆಣಸಿನಕಾಯಿ ಘಾಟಿನಲ್ಲಿ ಬದುಕುವವನಿಗೆ ಇದೇ ಕಠಿಣ ಪಥ್ಯ. ಸುಗ್ಗಿಯ ಕಾಲವಾದರೂ ಮೂರು ವಾರ ಅಂಗಡಿಯನ್ನು ಮಗನಿಗೆ ಬಿಟ್ಟೆ. ನನ್ನ ಕಸುಬನ್ನು ಮೊದಲೇ ಕೇಳಿ ದಿನಾಂಕ ನಿಗದಿ ಮಾಡಿದ್ದರೆ ಚೆನ್ನಾಗಿತ್ತು. ಸ್ಕ್ಯಾನ್‌ಗೆ ಬೇರೆ ಕಡೆ ಅಲೆಯಬೇಕು, ಮೆಟ್ಟಿಲುಗಳೂ ಕಡಿದು.

ಎಂಟು ತಿಂಗಳ ನಂತರದ ಸ್ಕ್ಯಾನ್‌ನಲ್ಲಿ ಎತ್ತರ 11 ಮಿಲಿಮೀಟರ್ ಇತ್ತು. ಕಳೆದ ವಾರ ಇಂಪ್ಲಾಂಟ್ ಕೂರಿಸಿದರು. ಕ್ಯಾಪ್ ಬರಲು ಇನ್ನೂ ಮೂರ್ನಾಲ್ಕು ತಿಂಗಳಿದೆ. ಪುಡಿಯ ಡಬ್ಬಿಯ ಮೇಲಿನ ಚೀಟಿಯನ್ನು ನನ್ನ ಕಡತಕ್ಕೆ ಅಂಟಿಸಿ ಕೊಟ್ಟಿದ್ದಾರೆ. ಅದರ ಮೇಲೆ ಲಾಟ್ ಸಂಖ್ಯೆ ಇದೆ.