ಬಳ್ಳಾರಿಯಿಂದ ಮುಳಪ್ಪಿಲಂಗಾಡ್‌ವರೆಗೆ: ಪ್ರವಾಸ ಸೊಗಸು, ಮರಳಿನ ಮೇಲಿನ ಸವಾರಿ ಬೇಡ

ಕಳೆದ ಫೆಬ್ರವರಿಯಲ್ಲಿ ನಮ್ಮ ಮನೆಯ ಹನ್ನೊಂದು ಜನ ಬಳ್ಳಾರಿಯ ಟ್ರಾವೆಲ್ಸ್ ಒಂದರ ಟೆಂಪೊ ಟ್ರಾವೆಲರ್‌ನಲ್ಲಿ ನಾಲ್ಕು ದಿನಗಳ ಕರಾವಳಿ ಪ್ರವಾಸಕ್ಕೆ ಹೋಗಿಬಂದೆವು. ವಾಹನ ಸ್ವಚ್ಛವಾಗಿತ್ತು, ಮಾತಾಡಿಕೊಂಡ ದರದ ಮೇಲೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೇಳಲಿಲ್ಲ, ಘಾಟಿಯ ತಿರುವುಗಳಲ್ಲಿ ಚಾಲಕರು ತೋರಿದ ತಾಳ್ಮೆಯನ್ನು ಮನೆಯವರೆಲ್ಲ ಈಗಲೂ ನೆನೆಯುತ್ತಾರೆ. ನನ್ನ ತಕರಾರು ಇರುವುದು ಅವರ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುವ ಒಂದೇ ಸಾಲಿನ ಬಗ್ಗೆ: ‘ಸಮುದ್ರದ ಮರಳಿನ ಮೇಲೆ ವಾಹನ ಸವಾರಿ.’

ಕೇರಳದ ಕಣ್ಣೂರು ಮತ್ತು ತಲಶ್ಶೇರಿಯ ನಡುವೆ ಇರುವ ಮುಳಪ್ಪಿಲಂಗಾಡ್ ತೀರದಲ್ಲಿ ಸುಮಾರು 4 ಕಿಲೋಮೀಟರ್ ಉದ್ದಕ್ಕೆ ಮರಳು ಗಟ್ಟಿಯಾಗಿರುವುದರಿಂದ, ನೀರಿನ ಅಂಚಿನಲ್ಲೇ ವಾಹನ ಓಡಿಸಲು ಅಲ್ಲಿ ಅವಕಾಶವಿದೆ. ಹಗರಿ ಹೊಳೆಯ ಒಣ ಮರಳಿನಲ್ಲಿ ಬೈಕಿನ ಚಕ್ರ ಹೂತುಹೋಗುವುದನ್ನು ಕಂಡ ನಮ್ಮಂಥವರಿಗೆ ಅದು ಬೆರಗೇ ಸರಿ. ಅಲೆ ಬಿಟ್ಟುಹೋದ ತೇವವೇ ಮರಳಿನ ಕಣಗಳನ್ನು ಬಿಗಿಹಿಡಿದಿರುತ್ತದೆ, ನಾಲ್ಕು ಮಾರು ಆಚೆಯ ಒಣ ಮರಳಿಗೆ ಹೋದರೆ ಅಲ್ಲಿಯೂ ಗಾಡಿ ಹೂಳುತ್ತದೆ ಎಂದು ಚಾಲಕರು ವಿವರಿಸಿದರು.

ಎಪ್ಪತ್ತನಾಲ್ಕು ವರ್ಷದ ನಮ್ಮ ಅವ್ವನಿಗೆ ಮೊಣಕಾಲು ನೋವು. ವಾಹನದ ಬಾಗಿಲಿನಿಂದ ಐದಾರು ಹೆಜ್ಜೆಗೇ ನೀರು ಸಿಕ್ಕಿತು. ಹುಟ್ಟಿದಾಗಿನಿಂದ ಸಮುದ್ರ ಕಾಣದ ಜೀವ ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೊತ್ತಿಕೊಂಡಾಗ ನನಗೆ ಮಾತು ಹೊರಡಲಿಲ್ಲ. ತೀರದಲ್ಲಿ ವಾಹನಗಳಿಗೆ ಅವಕಾಶ ಇರಬೇಕು ಎನ್ನುವವರು ಮುಂದಿಡುವ ವಾದವೂ ಇದೇ ಆಗಿರುವುದರಿಂದ, ಅದನ್ನು ಹಗುರವಾಗಿ ತಳ್ಳಿಹಾಕಲು ನನ್ನಿಂದಾಗದು.

ಆದರೆ ಅರ್ಧ ಗಂಟೆಯೊಳಗೆ ಚಿತ್ರ ಬದಲಾಯಿತು. ನನ್ನ ತಮ್ಮನ ಮಗಳು ಒಂದು ಏಡಿಯ ಬಿಲದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಏಡಿ ಹೊರಹಾಕಿದ್ದ ಜೋಳದ ಕಾಳಿನಷ್ಟು ದಪ್ಪದ ಮರಳಿನ ಉಂಡೆಗಳನ್ನು ಎಣಿಸುತ್ತಿದ್ದಳು. ಯಾರದೋ ಜೀಪು ಸುತ್ತು ಹೊಡೆಯುತ್ತ ಅವಳತ್ತಲೇ ತಿರುಗಿತು. ಕೈ ಹಿಡಿದು ಎಳೆದುಕೊಂಡು ತಿರುಗಿ ನೋಡುವಷ್ಟರಲ್ಲಿ ಬಿಲವಿದ್ದ ಜಾಗದಲ್ಲಿ ನಾಲ್ಕು ಬೆರಳು ಆಳದ ಚಕ್ರದ ಜಾಡು ಮಾತ್ರ ಉಳಿದಿತ್ತು. ‘ಯಾ ಕಡಿಯಿಂದ ಗಾಡಿ ಬರ್ತಾವೋ ಏನೋ, ನಾ ಇಲ್ಲೇ ಕುಂದರ್ತೀನಿ’ ಎಂದು ಅವ್ವ ಮತ್ತೆ ಸೀಟು ಬಿಟ್ಟು ಇಳಿಯಲೇ ಇಲ್ಲ.

ಆ ನಾಲ್ಕು ಬೆರಳಿನ ಜಾಡು ನಮಗೆ ಏನೂ ಅಲ್ಲ. ಮೊಟ್ಟೆಯೊಡೆದು ರಾತ್ರಿ ಹೊತ್ತು ಸಮುದ್ರದ ಕಡೆಗೆ ತೆವಳುವ ಕಡಲಾಮೆ ಮರಿಗೆ ಅದು ಹತ್ತಲಾಗದ ಗೋಡೆ. ದಾರಿ ತಪ್ಪಿ ಜಾಡಿನಲ್ಲೇ ಸಾಗುವ ಮರಿ ನೀರು ಮುಟ್ಟುವ ಮೊದಲೇ ಬಳಲುತ್ತದೆ, ಇಲ್ಲವೇ ಏಡಿ, ಹಕ್ಕಿಗಳ ಪಾಲಾಗುತ್ತದೆ. ನೂರು ವರ್ಷಕ್ಕೂ ಹಿಂದಿನಿಂದ ಕಾರುಗಳು ಓಡುತ್ತಿರುವ ಅಮೆರಿಕದ ಡೇಟೋನಾ ತೀರದಲ್ಲೂ 1995ರಲ್ಲಿ ಕಡಲಾಮೆಗಳ ಪರವಾಗಿ ಮೊಕದ್ದಮೆ ಹೂಡಲಾಯಿತು; ಇಂದು ಅಲ್ಲಿ ವೇಗ ಗಂಟೆಗೆ 10 ಮೈಲಿ, ಅಂದರೆ ಸುಮಾರು 16 ಕಿಲೋಮೀಟರ್ ಮೀರುವಂತಿಲ್ಲ, ರಾತ್ರಿ ಸಾರ್ವಜನಿಕರ ವಾಹನ ಇಳಿಯುವಂತಿಲ್ಲ. ನಮ್ಮಲ್ಲಿಯೂ 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಆಮೆ ಮೊಟ್ಟೆಯಿಡುವ ನೆಲ ಹಾಗೂ ಮರಳು ದಿಬ್ಬಗಳನ್ನು ಅತಿಸೂಕ್ಷ್ಮ ವರ್ಗಕ್ಕೆ ಸೇರಿಸಿದೆ.

ಹಿಂತಿರುಗುವಾಗ ಪಡುಬಿದ್ರಿಯಲ್ಲಿ ಇಳಿದೆವು. ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮಾನ್ಯತೆಯನ್ನು 2020ರಲ್ಲಿ ಪಡೆದ ಆ ತೀರದಲ್ಲಿ ವಾಹನವನ್ನು ಹೊರಗೇ ನಿಲ್ಲಿಸಿ ನಡೆದು ಹೋಗಬೇಕು. ಅವ್ವನನ್ನು ಇಬ್ಬರು ತೋಳು ಹಿಡಿದು ಕರೆದೊಯ್ದೆವು. ಕಷ್ಟವಾಯಿತು, ನಡುವೆ ಎರಡು ಬಾರಿ ಕೂರಿಸಬೇಕಾಯಿತು. ಆದರೆ ಅಲ್ಲಿ ಅವ್ವ ಒಂದು ಗಂಟೆ ನೆಮ್ಮದಿಯಿಂದ ಕುಳಿತಿತು, ಬೆನ್ನ ಹಿಂದೆ ಯಾವ ಗಾಡಿ ಬಂತೋ ಎಂಬ ಅಂಜಿಕೆಯಿಲ್ಲದೆ ಮಕ್ಕಳು ಓಡಾಡಿದರು.

ಚಾಲಕರ ವಿಷಯವನ್ನೂ ಬರೆಯಬೇಕು. ಮರಳಿನಿಂದ ಮೇಲೆ ಬಂದ ಸಂಜೆ ಅವರು ಊಟ ಬಿಟ್ಟು ವಾಹನದ ಅಡಿಭಾಗಕ್ಕೆ ಪೈಪಿನಿಂದ ಸಿಹಿನೀರು ಹೊಡೆಯುತ್ತ ನಿಂತಿದ್ದರು. ಉಪ್ಪು ಕೂತರೆ ಬ್ರೇಕಿಗೂ ಚಾಸಿಗೂ ತುಕ್ಕು ಹಿಡಿಯುತ್ತದೆಯಂತೆ. ಮತ್ತೆ ಯಾಕೆ ಇಳಿಸಿದಿರಿ ಎಂದರೆ, ‘ಹಾಳ್ಯಾಗ ಬರದೈತ್ರಿ, ಇಳಸಲೇಬೇಕು’ ಎಂದರು.

ಊರಿಗೆ ಬಂದ ಮೇಲೆ ಕಚೇರಿಗೆ ಹೋಗಿ, ನಡೆಯಲಾಗದವರನ್ನು ಮಾತ್ರ ನಿಧಾನವಾಗಿ ನೀರಿನ ಹತ್ತಿರ ಇಳಿಸಿ ವಾಹನ ಮರಳಲಿ, ಉಳಿದವರು ನಡೆದು ಬರಲಿ, ಆ ಸಾಲನ್ನು ತೆಗೆದುಹಾಕಿ ಎಂದು ಕೇಳಿಕೊಂಡೆ. ಗೌರವದಿಂದ ಕೇಳಿಸಿಕೊಂಡರು, ಕರಪತ್ರ ಮಾತ್ರ ಹಾಗೆಯೇ ಇದೆ. ಈ ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಬುಕಿಂಗ್ ಮಾಡುವಾಗಲೇ ವಾಹನವನ್ನು ತೀರದ ಗೇಟಿನ ಬಳಿಯೇ ನಿಲ್ಲಿಸಬೇಕೆಂದು ಬರೆಸಿಕೊಳ್ಳಿ. ಚಾಲಕರು ಖಂಡಿತ ಬೇಡವೆನ್ನುವುದಿಲ್ಲ.