ವೇರ್ ಒಳಗೆ ಕೇಸ್: ಖಾಲಿ ಬಿಟ್ಟ ಬಾಕ್ಸ್ ನುಂಗುವ ಮೂರು ಸಾಲು

ಎಸ್‌ಕ್ಯೂಎಲ್ ಸರ್ವರ್ ಅಂದರೆ ಮೈಕ್ರೋಸಾಫ್ಟ್‌ನ ಡೇಟಾಬೇಸ್, ಅದಕ್ಕೆ ಎಷ್ಟು ಆವೃತ್ತಿ ಇವೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಈ ವಿಮರ್ಶೆ ಅದರ ಒಂದೇ ಒಂದು ಅಭ್ಯಾಸದ ಬಗ್ಗೆ: ಸಾಲುಗಳನ್ನು ಸೋಸುವ ವೇರ್ ಷರತ್ತಿನೊಳಗೆ 'ಹೀಗಿದ್ದರೆ ಇದು, ಇಲ್ಲದಿದ್ದರೆ ಅದು' ಎನ್ನುವ ಕೇಸ್ ಬರೆದು, ಒಂದೇ ಕ್ವೆರಿಯಿಂದ (ಡೇಟಾಬೇಸಿಗೆ ಕೇಳುವ ಪ್ರಶ್ನೆಯಿಂದ) ಹತ್ತು ರೀತಿಯ ರಿಪೋರ್ಟ್ ತೆಗೆಯುವುದು. ಲೆಕ್ಕ ಪೂರ್ತಿ ಎಕ್ಸ್‌ಪ್ರೆಸ್ ಆವೃತ್ತಿಯದ್ದು, ಅಂದರೆ ಲೈಸೆನ್ಸಿಗೆ ಕಾಸು ಕೊಡದೆ ಸಿಗುವಂಥದ್ದು. ದೊಡ್ಡ ಸರ್ವರ್ ಇರುವವರಿಗೆ ಕೆಳಗಿನ ಕೆಲವು ಗೊಣಗಾಟ ಅತಿಯಾಯಿತು ಅನಿಸಬಹುದು. ಇಲ್ಲಿ ಕೋಡ್ ಕೂಡ ಕನ್ನಡ ಅಕ್ಷರದಲ್ಲೇ ಇದೆ, ಟೈಪ್ ಮಾಡುವಾಗ ಕೀವರ್ಡ್‌ಗಳನ್ನು ಇಂಗ್ಲಿಷಿಗೆ ತಿರುಗಿಸಿಕೊಳ್ಳಿ.

ಮೊದಮೊದಲು ಇದರಷ್ಟು ಹಿತವಾದದ್ದು ಬೇರೆ ಇಲ್ಲ. ಸ್ಕ್ರೀನಿನಲ್ಲಿ ಊರು, ಏಜೆಂಟ್, ದಿನಾಂಕ ಎಂದು ಮೂರು ಬಾಕ್ಸ್. ತುಂಬಿದರೆ ಅದರಂತೆ ಸೋಸಬೇಕು, ಖಾಲಿ ಬಿಟ್ಟರೆ ಎಲ್ಲವೂ ಬರಬೇಕು. ಬಾಕ್ಸಿಗೊಂದು ಸಾಲು ಬರೆದರೆ ಮುಗಿಯಿತು:

ವೇರ್ ಏಜೆಂಟ್ = ಕೇಸ್ ವೆನ್ @ಏಜೆಂಟ್ ಈಸ್ ನಲ್ ದೆನ್ ಏಜೆಂಟ್ ಎಲ್ಸ್ @ಏಜೆಂಟ್ ಎಂಡ್

ಓದುವುದಕ್ಕೂ ಚೆಂದ. @ ಹಾಕಿದ್ದು ಪ್ಯಾರಾಮೀಟರ್, ಅಂದರೆ ಬಾಕ್ಸಿನಿಂದ ಬರುವ ಬೆಲೆ (ವ್ಯಾಲ್ಯೂ), ಬಾಕ್ಸ್ ಖಾಲಿ ಇದ್ದರೆ ಅದು ನಲ್. ಏಜೆಂಟ್ ಕೊಡದಿದ್ದರೆ ಕಾಲಂ ತನಗೆ ತಾನೇ ಸಮ, ಹಾಗಾಗಿ ಎಲ್ಲ ಸಾಲೂ ಪಾಸು. ಹೀಗೆ ಅಂದುಕೊಂಡೇ ಎಲ್ಲರೂ ಬರೆಯುವುದು. ಎಡವಟ್ಟು ಇರುವುದೂ ಈ ಅಂದುಕೊಳ್ಳುವಿಕೆಯಲ್ಲೇ.

ಆರ್ಡರ್ ಟೇಬಲ್‌ನಲ್ಲಿ 12 ಸಾಲು ಇವೆ ಅನ್ನಿ: ತಿಪಟೂರು 5, ಹಾಸನ 4, ಶಿರಸಿ 3. ಒಟ್ಟು ಮೊತ್ತ 48,600 ರೂಪಾಯಿ. ಇವುಗಳಲ್ಲಿ ಹಾಸನದ ಒಂದು ಮತ್ತು ಶಿರಸಿಯ ಎರಡು ಆರ್ಡರ್ ನೇರ ಗಿರಾಕಿಗಳದ್ದು, ಏಜೆಂಟ್ ಕಾಲಂ ನಲ್. ಅವುಗಳ ಮೊತ್ತ 2,150, 3,400 ಮತ್ತು 1,850. ಈಗ ಮೂರೂ ಬಾಕ್ಸ್ ಖಾಲಿ ಬಿಟ್ಟು ರಿಪೋರ್ಟ್ ಒತ್ತಿ. ಬರುವುದು 9 ಸಾಲು, 41,200 ರೂಪಾಯಿ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. 7,400 ರೂಪಾಯಿ ಸದ್ದಿಲ್ಲದೆ ಮಾಯ.

ಕಾರಣ ಹಳೆಯದು. ನಲ್ ಅಂದರೆ ಸೊನ್ನೆಯೂ ಅಲ್ಲ, ಖಾಲಿ ಪದವೂ ಅಲ್ಲ, 'ಗೊತ್ತಿಲ್ಲ' ಎಂದರ್ಥ. ಗೊತ್ತಿಲ್ಲದ್ದು ಗೊತ್ತಿಲ್ಲದ್ದಕ್ಕೆ ಸಮವೇ ಎಂದು ಕೇಳಿದರೆ ಉತ್ತರವೂ ಗೊತ್ತಿಲ್ಲ ಎಂದೇ. ವೇರ್ ಬಾಗಿಲಲ್ಲಿ 'ಹೌದು' ಅಂದವರಿಗೆ ಮಾತ್ರ ಪ್ರವೇಶ, 'ಇಲ್ಲ' ಮತ್ತು 'ಗೊತ್ತಿಲ್ಲ' ಎರಡೂ ಹೊರಗೆ. ಹಾಗಾಗಿ ಏಜೆಂಟ್ = ಏಜೆಂಟ್ ಎಂಬ ಷರತ್ತೇ ನಲ್ ಇರುವ ಸಾಲನ್ನು ತಳ್ಳಿಬಿಡುತ್ತದೆ.

ಇದರಲ್ಲಿ ಸಿಟ್ಟು ತರಿಸುವುದು ತಪ್ಪಲ್ಲ, ತಪ್ಪು ಅಡಗಿ ಕೂರುವ ಜಾಗ. ಪರೀಕ್ಷೆ ಮಾಡುವವರು ಏಜೆಂಟ್ ಹೆಸರು ಕೊಟ್ಟು ನೋಡುತ್ತಾರೆ, ಸರಿ ಬರುತ್ತದೆ. ಊರು ಕೊಟ್ಟು ನೋಡುವಾಗ ಸಾಮಾನ್ಯವಾಗಿ ಮೊದಲ ಊರನ್ನೇ ಆರಿಸುತ್ತಾರೆ. ತಿಪಟೂರಿನಲ್ಲಿ ನಲ್ ಒಂದೂ ಇಲ್ಲ, ಅದೂ ಸರಿ. ಏಜೆಂಟ್ ಕೊಡದೆ ಹಾಸನ ಅಥವಾ ಶಿರಸಿ ಕೇಳಿದಾಗ, ಇಲ್ಲವೇ ಏನನ್ನೂ ಆರಿಸದೆ 'ಎಲ್ಲವೂ' ಕೇಳಿದಾಗ ಸಂಖ್ಯೆ ಕಡಿಮೆ, ಆಗ ಸಾಲುಗಳನ್ನು ಎಣಿಸುವವರು ಯಾರೂ ಇರುವುದಿಲ್ಲ. ಊರುವಾರು ಮೊತ್ತದ ಇನ್ನೊಂದು ರಿಪೋರ್ಟ್‌ನಲ್ಲಿ ಈ ಫಿಲ್ಟರ್ ಇಲ್ಲದಿದ್ದರೆ ಅಲ್ಲಿ 48,600 ಎಂದೇ ಇರುತ್ತದೆ. ಎರಡು ಕಾಗದ ಪಕ್ಕಪಕ್ಕ ಇಟ್ಟ ದಿನ ಲೆಕ್ಕ ತಾಳೆಯಾಗದೆ ಜಗಳ ಶುರು. ಆಗಲೂ ಬೈಗುಳ ತಿನ್ನುವುದು ಡೇಟಾ ಎಂಟ್ರಿ ಮಾಡಿದವರು.

ಇದಕ್ಕೆ ಅಡ್ಡದಾರಿಗಳು ಹಲವು ಚಾಲ್ತಿಯಲ್ಲಿವೆ, ಹೆಚ್ಚಿನವು ಅದೇ ಹಳ್ಳಕ್ಕೆ ಬೀಳುತ್ತವೆ. ಏಜೆಂಟ್ = ಐಸ್‌ನಲ್(@ಏಜೆಂಟ್, ಏಜೆಂಟ್) ಎಂದು, ಅಂದರೆ ಮೊದಲನೆಯದು ನಲ್ ಆದರೆ ಎರಡನೆಯದನ್ನು ತೆಗೆದುಕೋ ಎಂದು, ಚುಟುಕಾಗಿ ಬರೆದರೂ ಅದೇ 9 ಸಾಲು. ಅದೇ ಕೆಲಸದ ಕೋಅಲೆಸ್ ಹಾಕಿದರೂ ಅಷ್ಟೇ. 'ಯಾವ ಪದವಾದರೂ ಸರಿ' ಎನ್ನುವ ಲೈಕ್ '%' ಎಂಬ ಜಾಣತನವೂ ನಲ್ ಮುಂದೆ ನಡೆಯುವುದಿಲ್ಲ. ಐಸ್‌ನಲ್‌ಗೆ ಇನ್ನೊಂದು ದುರ್ಗುಣ ಇದೆ: ಮೊದಲು ಕೊಟ್ಟ ಪ್ಯಾರಾಮೀಟರ್‌ನ ಅಳತೆಗೆ ಎರಡನೆಯದನ್ನು ಕತ್ತರಿಸುತ್ತದೆ. @ಏಜೆಂಟ್ ಅನ್ನು 3 ಅಕ್ಷರಕ್ಕೆ ಡಿಕ್ಲೇರ್ ಮಾಡಿಟ್ಟಿದ್ದರೆ ಕಾಲಂನ ಹೆಸರೂ 3 ಅಕ್ಷರಕ್ಕೆ ಮೊಟಕಾಗಿ, ಅದಕ್ಕಿಂತ ಉದ್ದದ ಹೆಸರಿರುವ ಸಾಲುಗಳೂ ಹೋದವು.

ಕಾಲಂ ಕಡೆಯಲ್ಲೇ ಐಸ್‌ನಲ್ ಸುತ್ತಿ, ನಲ್ ಅನ್ನು ಖಾಲಿ ಪದ ಮಾಡಿ ಹೋಲಿಸಿದರೆ 12 ಸಾಲೂ ಬರುತ್ತವೆ ನಿಜ. ಆದರೆ ಕಾಲಂ ಮೇಲೆ ಫಂಕ್ಷನ್ ಕೂತ ಮೇಲೆ ಇಂಡೆಕ್ಸ್‌ನಲ್ಲಿ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ನೇರವಾಗಿ ಬೇಕಾದ ಜಾಗಕ್ಕೆ ಇಳಿಯಲು ಆಗುವುದಿಲ್ಲ, ಮೊದಲಿಂದ ಕೊನೆಯವರೆಗೆ ಓದಬೇಕು.

ಸರಿಯಾದ ಬರವಣಿಗೆಯಲ್ಲಿ ಕೇಸ್ ಬೇಕಾಗಿಯೇ ಇಲ್ಲ:

ವೇರ್ (@ಊರು ಈಸ್ ನಲ್ ಆರ್ ಊರು = @ಊರು)
ಆ್ಯಂಡ್ (@ಏಜೆಂಟ್ ಈಸ್ ನಲ್ ಆರ್ ಏಜೆಂಟ್ = @ಏಜೆಂಟ್)

ಆವರಣ ಚಿಹ್ನೆ ಮರೆತರೆ ಕೆಟ್ಟಿರಿ. ಆ್ಯಂಡ್‌ಗೆ ಆರ್‌ಗಿಂತ ಬಿಗಿ ಹೆಚ್ಚು. ಎರಡನೇ ಸಾಲಿನ ಆವರಣ ಬಿಟ್ಟರೆ ಹಾಸನ ಕೇಳಿ ಏಜೆಂಟ್ ಹೆಸರು ಕೊಟ್ಟಾಗ ಆ ಏಜೆಂಟನ ತಿಪಟೂರಿನ ಆರ್ಡರೂ ಬಂದು ಕೂರುತ್ತದೆ.

'ನೇರ ಗಿರಾಕಿಗಳದ್ದು ಮಾತ್ರ ತೋರಿಸು' ಎಂದರೆ? ಪ್ಯಾರಾಮೀಟರ್‌ನಲ್ಲಿ ನಲ್ ಅಂದರೆ 'ಎಲ್ಲ' ಎಂದು ಆಗಲೇ ಗೊತ್ತುಮಾಡಿ ಆಗಿದೆ, ಅದನ್ನೇ ಇನ್ನೊಂದು ಅರ್ಥಕ್ಕೆ ದುಡಿಸಬೇಡಿ. @ನೇರ ಎಂಬ ಪ್ರತ್ಯೇಕ ಬಿಟ್ (0 ಅಥವಾ 1) ಪ್ಯಾರಾಮೀಟರ್ ಇಟ್ಟು (@ನೇರ = 0 ಆರ್ ಏಜೆಂಟ್ ಈಸ್ ನಲ್) ಎಂದು ಸೇರಿಸಿ. 2022ರ ಆವೃತ್ತಿಯಲ್ಲಿ ಬಂದ 'ಈಸ್ ನಾಟ್ ಡಿಸ್ಟಿಂಕ್ಟ್ ಫ್ರಂ' ಎಲ್ಲವನ್ನೂ ಸರಿಮಾಡುತ್ತದೆ ಎಂದು ಹೇಳುವವರಿದ್ದಾರೆ. ಅದು ನಲ್ ಮತ್ತು ನಲ್ ಒಂದೇ ಎಂದು ಒಪ್ಪುತ್ತದೆ, ಅಷ್ಟೇ. ಬಾಕ್ಸ್ ಖಾಲಿ ಬಿಟ್ಟರೆ ಆ 3 ಸಾಲು ಮಾತ್ರ ಬರುತ್ತವೆ, 12 ಅಲ್ಲ.

ಇನ್ನು ವೇಗ. ಆರ್ ಹಾಕಿದ ಬರವಣಿಗೆ ಲೆಕ್ಕದಲ್ಲಿ ಸರಿ, ಓಟದಲ್ಲಿ ಮಂದ. ಒಮ್ಮೆ ಮಾಡಿಟ್ಟ ಪ್ಲಾನ್, ಅಂದರೆ ಡೇಟಾ ಹುಡುಕುವ ದಾರಿಯ ನಕ್ಷೆ, ಮುಂದೆ ಯಾವ ಬೆಲೆ ಬಂದರೂ ತಪ್ಪು ಉತ್ತರ ಕೊಡಬಾರದು. ನಲ್ ಬಂದರೂ ಬರಬಹುದು ಎಂಬ ಭಯಕ್ಕೆ ಪ್ಲಾನ್ ಹಾಕುವ ಆಪ್ಟಿಮೈಸರ್ ಪೂರ್ತಿ ಸ್ಕ್ಯಾನ್ ಹಿಡಿಯುತ್ತದೆ. ಎಕ್ಸ್‌ಪ್ರೆಸ್‌ನಲ್ಲಿ ಬಫರ್‌ಗೆ (ಓದಿದ ಪುಟಗಳನ್ನು ಇಟ್ಟುಕೊಳ್ಳುವ ಮೆಮೊರಿಗೆ) ಸಿಗುವುದು 1,410 ಎಂಬಿ, ಪ್ರೊಸೆಸರ್ ಒಂದು ಸಾಕೆಟ್ ಅಥವಾ 4 ಕೋರ್, ಎರಡರಲ್ಲಿ ಯಾವುದು ಕಡಿಮೆಯೋ ಅದು. ದೊಡ್ಡ ಟೇಬಲ್ ಪೂರ್ತಿ ಓದಿದರೆ ಬೇರೆ ಟೇಬಲ್‌ಗಳ ಪುಟಗಳನ್ನು ಮೆಮೊರಿಯಿಂದ ಹೊರದೂಡುತ್ತದೆ, ಪಕ್ಕದ ಬಿಲ್ಲಿಂಗ್ ಸ್ಕ್ರೀನೂ ಆಮೆಯಾಗುತ್ತದೆ.

ಮದ್ದು ಎರಡು. ಸುಲಭದ್ದು, ಕ್ವೆರಿಯ ಕೊನೆಗೆ ಆಪ್ಷನ್ (ರೀಕಂಪೈಲ್) ಅಂಟಿಸುವುದು. ಆಗ ಪ್ರತಿ ಸಲ ಆ ಸಲದ ಬೆಲೆಗಳನ್ನೇ ಒಳಗಿಟ್ಟು ಹೊಸ ಪ್ಲಾನ್ ತಯಾರಾಗುತ್ತದೆ. @ಏಜೆಂಟ್ ನಲ್ ಆಗಿದ್ದರೆ ಆ ಷರತ್ತೇ ಉದುರಿಹೋಗುತ್ತದೆ, ಇಲ್ಲದಿದ್ದರೆ ಶುದ್ಧ ಏಜೆಂಟ್ = 'ಇಂಥವರು' ಉಳಿದು ಇಂಡೆಕ್ಸ್ ಸೀಕ್ (ಬೇಕಾದ ಜಾಗಕ್ಕೇ ನೇರ ಇಳಿಯುವುದು) ಬರುತ್ತದೆ. ಪ್ರತಿ ಸಲ ಕಂಪೈಲ್ ಮಾಡುವ ಖರ್ಚು ನಿಮ್ಮದು. ನಿಮಿಷಕ್ಕೆ ನಾಲ್ಕಾರು ಸಲ ಓಡುವ ರಿಪೋರ್ಟಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಸೆಕೆಂಡಿಗೆ ನೂರು ಸಲ ಓಡುವ ಹುಡುಕಾಟಕ್ಕೆ ಹಾಕಿದರೆ ನಾಲ್ಕು ಕೋರ್ ಉಬ್ಬಸ ಪಡುತ್ತವೆ. ಮತ್ತೊಂದು ಮಾತು: ಮೇಲಿನ ಕೇಸ್ ಕ್ವೆರಿಗೆ ರೀಕಂಪೈಲ್ ಹಾಕಿದರೂ ಹೋದ ಮೂರು ಸಾಲು ವಾಪಸ್ ಬರುವುದಿಲ್ಲ.

ಕಷ್ಟದ್ದು ಡೈನಾಮಿಕ್ ಎಸ್‌ಕ್ಯೂಎಲ್, ಅಂದರೆ ಕ್ವೆರಿಯ ಪಠ್ಯವನ್ನು ಓಡುವಾಗಲೇ ಕಟ್ಟುವುದು. ತುಂಬಿದ ಬಾಕ್ಸ್‌ಗಳ ಷರತ್ತನ್ನಷ್ಟೇ ಜೋಡಿಸಿ, ಬೆಲೆಗಳನ್ನು ಪ್ಯಾರಾಮೀಟರ್ ಆಗಿಯೇ, ಆ ಪಠ್ಯವನ್ನು ಓಡಿಸುವ ಎಸ್‌ಪಿ_ಎಕ್ಸಿಕ್ಯೂಟ್‌ಎಸ್‌ಕ್ಯೂಎಲ್‌ಗೆ ಕೊಡಬೇಕು. ಬೆಲೆಯನ್ನೇ ಪಠ್ಯಕ್ಕೆ ಹೊಲಿದರೆ ಇಂಜೆಕ್ಷನ್‌ಗೆ (ಬಾಕ್ಸಿನ ಮೂಲಕ ಕಳ್ಳ ಕೋಡ್ ತೂರಿಸುವುದಕ್ಕೆ) ಬಾಗಿಲು ತೆಗೆದಿಟ್ಟಂತೆ. ಐದು ಬಾಕ್ಸ್ ಇದ್ದರೆ ಹೆಚ್ಚೆಂದರೆ 32 ಬಗೆಯ ಪಠ್ಯ, ಪ್ರತಿಯೊಂದಕ್ಕೂ ಅದರದೇ ಪ್ಲಾನ್ ಕ್ಯಾಷ್‌ನಲ್ಲಿ ನಿಲ್ಲುತ್ತದೆ. ಬಳಕೆದಾರನಿಗೆ ಪ್ರೊಸೀಜರ್ (ಸರ್ವರ್‌ನಲ್ಲಿ ಉಳಿಸಿಟ್ಟ ಕ್ವೆರಿ) ಓಡಿಸುವ ಅನುಮತಿ ಮಾತ್ರ ಕೊಟ್ಟಿದ್ದರೆ ಇಲ್ಲಿ ಸಾಲದು, ಟೇಬಲ್ ಮೇಲೆ ಸೆಲೆಕ್ಟ್ ಅನುಮತಿಯೂ ಬೇಕಾಗುತ್ತದೆ. 2025ರ ಆವೃತ್ತಿಯಲ್ಲಿ ಐಚ್ಛಿಕ ಪ್ಯಾರಾಮೀಟರ್‌ಗಳಿಗೆಂದೇ ಬೇರೆಬೇರೆ ಪ್ಲಾನ್ ಇಟ್ಟುಕೊಳ್ಳುವ ಸೌಲಭ್ಯ ಬಂದಿದೆ, ಡೇಟಾಬೇಸಿನ ಕಂಪ್ಯಾಟಿಬಿಲಿಟಿ ಮಟ್ಟ (ಯಾವ ಆವೃತ್ತಿಯಂತೆ ನಡೆಯಬೇಕು ಎಂಬ ಸೆಟ್ಟಿಂಗ್) 170 ಇರಬೇಕು.

ಇಷ್ಟೆಲ್ಲ ಬೈದ ಮೇಲೂ ಕೇಸ್ ಅನ್ನು ವೇರ್‌ನಿಂದ ಗಡೀಪಾರು ಮಾಡಿ ಎನ್ನುವುದಿಲ್ಲ. ಹೋಲಿಸುವ ಕಾಲಂನ ಹೆಸರು ಕೇಸ್ ಒಳಗೆ ಬಾರದಿದ್ದರೆ ಅದು ಬಂಗಾರದಂಥ ಸಾಧನ. ಅವಧಿಯ ಫಿಲ್ಟರ್ ನೋಡಿ:

ವೇರ್ ದಿನಾಂಕ >= ಕೇಸ್ @ಅವಧಿ
ವೆನ್ ಎನ್'ಇಂದು' ದೆನ್ @ಇಂದು
ವೆನ್ ಎನ್'ತಿಂಗಳು' ದೆನ್ @ತಿಂಗಳಶುರು
ವೆನ್ ಎನ್'ವರ್ಷ' ದೆನ್ @ವರ್ಷಶುರು ಎಂಡ್
ಆ್ಯಂಡ್ ದಿನಾಂಕ < @ನಾಳೆ

ದಿನಾಂಕ ಕಾಲಂ ಬೆತ್ತಲಾಗಿ ಎಡಗಡೆ ನಿಂತಿದೆ, ಇಂಡೆಕ್ಸ್ ದಾರಿ ತೆರೆದೇ ಇದೆ. ನಮ್ಮ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರುವಾಗುವುದರಿಂದ @ವರ್ಷಶುರುವಿಗೆ, ವರ್ಷ-ತಿಂಗಳು-ದಿನ ಜೋಡಿಸಿ ದಿನಾಂಕ ಮಾಡುವ ಡೇಟ್‌ಫ್ರಂಪಾರ್ಟ್ಸ್ ಬಳಸಿ: ತಿಂಗಳು 4 ಅಥವಾ ಮೇಲಿದ್ದರೆ ಈ ವರ್ಷ, ಇಲ್ಲದಿದ್ದರೆ ಹಿಂದಿನ ವರ್ಷ. ಮೇಲ್ಮಿತಿಗೆ <= @ಇಂದು ಎಂದು ಬರೆಯಬೇಡಿ, ಕಾಲಂನಲ್ಲಿ ಗಂಟೆ ನಿಮಿಷ ಇದ್ದರೆ ಇಂದಿನ ವ್ಯಾಪಾರವೆಲ್ಲ ಬಿಟ್ಟುಹೋಗುತ್ತದೆ. ಎಲ್ಸ್ ಬೇಕೆಂದೇ ಇಟ್ಟಿಲ್ಲ. ಗೊತ್ತಿಲ್ಲದ ಅವಧಿ ಬಂದರೆ ಕೇಸ್ ನಲ್ ಕೊಟ್ಟು ಒಂದು ಸಾಲೂ ಬರುವುದಿಲ್ಲ. ಖಾಲಿ ರಿಪೋರ್ಟ್ ನೋಡಿದವರು ಕೂಡಲೇ ಫೋನ್ ಮಾಡುತ್ತಾರೆ, ಅರ್ಧ ರಿಪೋರ್ಟ್ ನೋಡಿದವರು ಮಾಡುವುದಿಲ್ಲ.

ಆ ಕೊಟೇಷನ್ ಹಿಂದಿನ 'ಎನ್' ಅಕ್ಷರವನ್ನು ಕನ್ನಡದಲ್ಲಿ ಬೆಲೆ ಬರೆಯುವವರು ದೇವರೆಂದು ತಿಳಿಯಬೇಕು. ಯುಟಿಎಫ್-8 ಅಲ್ಲದ ಕೊಲೇಷನ್‌ನಲ್ಲಿ (ಅಕ್ಷರ ಇಡುವ, ಹೋಲಿಸುವ ನಿಯಮದಲ್ಲಿ) ಅದಿಲ್ಲದೆ ಬರೆದರೆ ಪ್ರತಿ ಯೂನಿಕೋಡ್ ಚಿಹ್ನೆಯೂ ಪ್ರಶ್ನಾರ್ಥಕ ಆಗುತ್ತದೆ. 'ಇಂದು' ಪದದಲ್ಲಿ ಇ, ಸೊನ್ನೆ, ದ, ಉಕಾರ, ಒಟ್ಟು 4. 'ವರ್ಷ'ದಲ್ಲಿ ವ, ರ, ವಿರಾಮ, ಷ, ಅದೂ 4. ಎರಡೂ '????' ಆಗಿ ನಿಂತವು. ಪ್ಯಾರಾಮೀಟರ್ ಕೂಡ ಯೂನಿಕೋಡ್ ಹಿಡಿಸುವ ಎನ್‌ವಾರ್‌ಚಾರ್ ಬದಲು ವಾರ್‌ಚಾರ್ ಆಗಿದ್ದರೆ ಅದೂ '????'. ಕೇಸ್ ಮೇಲಿಂದ ಕೆಳಗೆ ನೋಡಿ ಮೊದಲು ಹೊಂದಿದ್ದನ್ನೇ ಹಿಡಿಯುವುದರಿಂದ ವರ್ಷದ ಲೆಕ್ಕ ಕೇಳಿದವರಿಗೆ ಇಂದಿನ ಲೆಕ್ಕ ಸಿಗುತ್ತದೆ. 'ತಿಂಗಳು' ಕೇಳಿದರೆ ಮಾತ್ರ ಸರಿ, ಅದಕ್ಕೆ 6 ಪ್ರಶ್ನಾರ್ಥಕ!

ಬೇರೆ ಡೇಟಾಬೇಸಿನವರಿಗೆ ಒಂದೆರಡು ಮಾತು. ಪೋಸ್ಟ್‌ಗ್ರೆಸ್‌ನಲ್ಲಿ ಕೇಸ್ ನೇರವಾಗಿ ಸರಿ-ತಪ್ಪು ಎಂಬ ಬೂಲಿಯನ್ ಕೊಡಬಲ್ಲದು, ಹಾಗಾಗಿ ವೆನ್‌ಗೊಂದು ಪೂರ್ತಿ ಷರತ್ತನ್ನೇ ಬರೆಯಬಹುದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಹಾಗೆ ಬರೆದರೆ ಸಿಂಟ್ಯಾಕ್ಸ್ ಎರರ್, 1 ಅಥವಾ 0 ಕೊಡಿಸಿ = 1 ಎಂದು ಹೋಲಿಸಬೇಕು. ಒರಾಕಲ್‌ನಲ್ಲಿ ಎನ್‌ವಿಎಲ್ (ಐಸ್‌ನಲ್‌ನಂಥದ್ದು) ಬಳಸಿದ ಖಾಲಿ-ಬಾಕ್ಸ್ ಷರತ್ತನ್ನು ಆಪ್ಟಿಮೈಸರ್ ತಾನೇ ಎರಡು ದಾರಿಯಾಗಿ ಸೀಳಿ ಇಂಡೆಕ್ಸ್ ಹಿಡಿಯಬಲ್ಲದು, ಆದರೆ ನಲ್ ಸಾಲು ಅಲ್ಲೂ ಹೋಗುತ್ತದೆ.

ಹೊಸ ಫಿಲ್ಟರ್ ಸೇರಿಸಿದಾಗಲೆಲ್ಲ ಮಾಡಬೇಕಾದ ಕ್ರಮ ಹೀಗಿದೆ, ಚಹಾ ಆರುವಷ್ಟರಲ್ಲಿ ಮುಗಿಯುತ್ತದೆ. ಫಿಲ್ಟರ್ ಇಲ್ಲದೆ ಕೌಂಟ್(*) ಓಡಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಪ್ರೊಸೀಜರ್‌ಗೆ ಎಲ್ಲ ಪ್ಯಾರಾಮೀಟರ್ ನಲ್ ಕೊಟ್ಟು ಓಡಿಸಿ. ಎರಡೂ ಒಂದೇ ಇರಬೇಕು, ಒಂದು ಸಾಲು ಕಡಿಮೆಯಾದರೂ ನಿಲ್ಲಿಸಿ. ಆಮೇಲೆ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಪ್ಲಾನ್ ಕಾಣುವಂತೆ ಕಂಟ್ರೋಲ್-ಎಂ ಒತ್ತಿ, ಎಷ್ಟು ಓದಿತೆಂದು ತಿಳಿಯಲು ಸೆಟ್ ಸ್ಟ್ಯಾಟಿಸ್ಟಿಕ್ಸ್ ಐಓ ಆನ್ ಮಾಡಿ, ಒಂದು ಏಜೆಂಟ್ ಹೆಸರು ಕೊಟ್ಟು ಓಡಿಸಿ. ಪ್ಲಾನ್‌ನಲ್ಲಿ ಸೀಕ್ ಇದೆಯೋ ಸ್ಕ್ಯಾನ್ ಇದೆಯೋ ನೋಡಿ, ಮೆಸೇಜಸ್ ಟ್ಯಾಬ್‌ನಲ್ಲಿ ಲಾಜಿಕಲ್ ರೀಡ್ಸ್ ಓದಿ. ಒಂದು ರೀಡ್ ಅಂದರೆ 8 ಕೆಬಿಯ ಒಂದು ಪುಟ. ಹತ್ತು ಆರ್ಡರ್ ತೋರಿಸಲು 4,000 ರೀಡ್ ಆಗಿದ್ದರೆ ಸುಮಾರು 31 ಎಂಬಿ ಓದಿಸಿದ್ದೀರಿ. ರೀಕಂಪೈಲ್ ಹಾಕಿ ಮತ್ತೆ ಓಡಿಸಿ ನೋಡಿ. ಆಗಲೂ ಸಂಖ್ಯೆ ಇಳಿಯದಿದ್ದರೆ ಏಜೆಂಟ್ ಕಾಲಂ ಮೇಲೆ ಇಂಡೆಕ್ಸ್ ಇದೆಯೇ ಎಂದು ಮೊದಲು ನೋಡಬೇಕು.