ಲಕ್ಸಾ ಮಸಾಲೆ: ಪ್ಯಾಕೆಟ್ಟಿನದ್ದು, ಮಾರ್ಕೆಟ್ಟಿನದ್ದು, ಮನೆಯಲ್ಲೇ ರುಬ್ಬಿದ್ದು

ಸಿಂಗಪುರಕ್ಕೆ ಬಂದ ಹೊಸತರಲ್ಲಿ ಲಕ್ಸಾ ಅನ್ನುವ ಖಾರದ ಶ್ಯಾವಿಗೆ ಸಾರು ತಿಂದಾಗ ನನಗೆ ಊರಿನ ಸಿಗಡಿ ಗಸಿಯೇ ನೆನಪಾಗಿತ್ತು. ತೆಂಗಿನ ಹಾಲು, ಒಣಮೆಣಸು, ಸಿಗಡಿ ಎಲ್ಲ ಇತ್ತು. ಆದರೆ ಹಿಂದೆ ಬರುವ ಆ ಪರಿಮಳ ಮಾತ್ರ ಬೇರೆ. ಅದು ಎಲ್ಲಿಂದ ಬರುತ್ತದೆ ಅಂತ ನೋಡಲೇಬೇಕು ಅನ್ನಿಸಿ, ಒಂದು ಭಾನುವಾರ ಮೂರು ಪಾತ್ರೆ ಇಟ್ಟೆ. ಸಿಗಡಿ, ದಪ್ಪ ಅಕ್ಕಿ ಶ್ಯಾವಿಗೆ, ತೆಂಗಿನ ಹಾಲು ಮೂರಕ್ಕೂ ಒಂದೇ. ಮಸಾಲೆ ಮಾತ್ರ ಬೇರೆ ಬೇರೆ.

ನಾನು ಹೇಳುತ್ತಿರುವುದು ಪೆರನಾಕನ್ (ಹಿಂದೆ ಇಲ್ಲಿ ಬಂದು ನೆಲೆಸಿ ಮಲಯ್ ರೀತಿಗಳನ್ನೂ ಬೆರೆಸಿಕೊಂಡ ಚೀನೀ ಮೂಲದವರು) ಮನೆಗಳ, ತೆಂಗಿನ ಹಾಲಿನ ಲಕ್ಸಾ. ಸಿಂಗಪುರದ ಕಾಟೊಂಗ್ ಕಡೆ ಶ್ಯಾವಿಗೆಯನ್ನು ತುಂಡು ಮಾಡಿ ಚಮಚದಲ್ಲೇ ತಿನ್ನುತ್ತಾರಲ್ವಾ, ಅದು. ಮಲೇಷ್ಯಾದ ಪೆನಾಂಗಿನ ಅಸಾಮ್ ಲಕ್ಸಾ ಬೇರೆ, ಅದಕ್ಕೆ ಮೀನು, ಹುಣಸೆಹುಳಿ. ತೆಂಗಿನ ಹಾಲೇ ಇಲ್ಲ.

ಪ್ಯಾಕೆಟ್ ಮಸಾಲೆಯಲ್ಲಿ ಅರ್ಧ ಗಂಟೆಯೊಳಗೆ ಅಡುಗೆ ಮುಗಿಯಿತು. ಬಣ್ಣ ಚೆನ್ನಾಗಿ ಬಂತು. ಆದರೆ ಉಪ್ಪು, ಸಿಹಿ ಮೊದಲು ನಾಲಿಗೆಗೆ ತಗಲುತ್ತದೆ, ಮಜ್ಜಿಗೆ ಹುಲ್ಲಿನ ಪರಿಮಳ ಹುಡುಕಬೇಕು. ಇದನ್ನೇ ಬಳಸುವವರು ಒಂದು ಕೆಲಸ ಮಾಡಿ: ಸಿಗಡಿಯ ತಲೆ, ಸಿಪ್ಪೆ ಎಸೆಯಬೇಡಿ. ಎಣ್ಣೆಯಲ್ಲಿ ಕೆಂಪಗೆ ಹುರಿದು, ನೀರು ಹಾಕಿ ಕುದಿಸಿ ಸೋಸಿಕೊಳ್ಳಿ. ಬರೀ ನೀರಿನ ಬದಲು ಆ ರಸ ಹಾಕಿದರೆ ಪ್ಯಾಕೆಟ್ ಲಕ್ಸಾ ಎಷ್ಟೋ ಮೇಲೆ ಬರುತ್ತದೆ.

ಎರಡನೆಯದು ಇಲ್ಲಿನ ಲಿಟಲ್ ಇಂಡಿಯಾದ ಟೆಕ್ಕಾ ಮಾರ್ಕೆಟ್ಟಿನಲ್ಲಿ ರುಬ್ಬಿ ಮಾರುವ ಹಸಿ ಮಸಾಲೆ. ಯಾವ ಅಡುಗೆ, ಎಷ್ಟು ಜನ ಅಂತ ಹೇಳಿದರೆ ಸಾಕು, ಬೇರೆ ಬೇರೆ ರಾಶಿಯಿಂದ ತೆಗೆದು ಕಟ್ಟಿಕೊಡುತ್ತಾರೆ. ನೀರಿನ ಅಂಶ ಜಾಸ್ತಿ, ಹಾಗಾಗಿ ಹೆಚ್ಚು ಹೊತ್ತು ಹುರಿಯಬೇಕು. ಒಣ ಸಿಗಡಿ, ಬೆಲಾಚಾನ್ (ಸಿಗಡಿ ಹುದುಗಿಸಿ ಒತ್ತಿದ ಗಟ್ಟಿ) ನಾನೇ ಸೇರಿಸಿದೆ.

ಮೂರನೆಯದಕ್ಕೆ ನಾಲ್ಕು ಜನರ ಲೆಕ್ಕದಲ್ಲಿ 20 ಒಣಮೆಣಸು, 12 ಸಣ್ಣ ಈರುಳ್ಳಿ, 5 ಎಸಳು ಬೆಳ್ಳುಳ್ಳಿ, ಮಜ್ಜಿಗೆ ಹುಲ್ಲಿನ 3 ಬಿಳಿ ಬುಡ, ಬೆರಳುದ್ದ ಹಸಿ ಅರಿಶಿನ, ಅಷ್ಟೇ ಲೆಂಗ್ಕುವಾಸ್ (ಶುಂಠಿ ಜಾತಿಯ ಗಡ್ಡೆ), ನೆನೆಸಿದ ಒಣ ಸಿಗಡಿ 3 ಚಮಚ, 6 ಬುವಾ ಕೆರಾಸ್ (ಎಣ್ಣೆಯಂಶ ಹೆಚ್ಚಿರುವ ಬೀಜ, ಇಂಗ್ಲಿಷಿನಲ್ಲಿ ಕ್ಯಾಂಡಲ್‌ನಟ್), ಸುಟ್ಟ ಬೆಲಾಚಾನ್ 1 ಚಮಚ. ಬುವಾ ಕೆರಾಸ್ ಹಸಿಯಾಗಿ ತಿನ್ನಬಾರದು. ಅದು ಸಿಗದಿದ್ದರೆ ಗೇರುಬೀಜ ಹಾಕಬಹುದು. ಮಿಕ್ಸಿ ತಿರುಗಲು ನೀರಿನ ಬದಲು ಎಣ್ಣೆ ಹಾಕಿದೆ.

ಹತ್ತು ನಿಮಿಷ ಹುರಿದು, ಸಾಕು ಅಂದುಕೊಂಡಿದ್ದೆ. ಮೇಲಿನ ಮನೆಯ ಪೆರನಾಕನ್ ಆಂಟಿ ಬಂದವರು ಬಾಣಲೆ ಮೇಲೆ ಬಗ್ಗಿ ಮೂಸಿ, "ಹಸಿ ವಾಸನೆ ಹೋಗಿಲ್ಲ" ಅಂದರು. ಉರಿ ಸಣ್ಣ ಮಾಡಿ ಮತ್ತೆ ಹುರಿಯುತ್ತಾ ನಿಂತೆ. ಮೊದಲು ದೊಡ್ಡ ಗುಳ್ಳೆ. ಆಮೇಲೆ ಗುಳ್ಳೆ ಸಣ್ಣದಾಗಿ, ಮಸಾಲೆ ಸೌಟಿಗೆ ಅಂಟದೆ ಮುದ್ದೆಯಾಗಿ ಜಾರತೊಡಗಿತು. 25ನೇ ನಿಮಿಷದ ಹೊತ್ತಿಗೆ ಅಂಚಿನಲ್ಲಿ ಕೆಂಪು ಎಣ್ಣೆ ಬಿಟ್ಟುಕೊಂಡಿತು. ಮಲಯ್ ಭಾಷೆಯಲ್ಲಿ ಇದಕ್ಕೆ 'ಪೆಚಾ ಮಿನ್ಯಾಕ್' ಅನ್ನುತ್ತಾರೆ. ನಾವು ಎಣ್ಣೆ ಬಿಡುವುದು ಅನ್ನುವುದಿಲ್ಲವೇ, ಅದೇ.

ರುಚಿಯಲ್ಲಿ ಮನೆಯಲ್ಲಿ ರುಬ್ಬಿದ್ದೇ ಮೇಲು, ಅನುಮಾನವೇ ಇಲ್ಲ. ಒಂದೊಂದು ಪರಿಮಳವೂ ಬೇರೆ ಬೇರೆಯಾಗಿ ಸಿಗುತ್ತದೆ. ಆದರೆ ಚೆನ್ನಾಗಿ ಹುರಿದ ಮಾರ್ಕೆಟ್ ಮಸಾಲೆ ಅದರ ಹತ್ತಿರಕ್ಕೇ ಬಂತು. ಕೆಲಸದ ದಿನ ನಾನು ಮಾಡುವುದು ಅದನ್ನೇ. ರುಬ್ಬಿದ್ದನ್ನೇ ಅವಸರದಲ್ಲಿ ಅರ್ಧ ಹುರಿದರೆ ಪ್ಯಾಕೆಟ್ಟೇ ವಾಸಿ.

ತೆಂಗಿನ ಹಾಲಿನ ವಿಷಯ ಊರಿನ ಅಡುಗೆಯಂತೆಯೇ. ನೀರು ಹಾಲು ಮೊದಲು, ಗಟ್ಟಿ ಹಾಲು ಕೊನೆಗೆ. ಆಮೇಲೆ ಜೋರಾಗಿ ಕುದಿಸಿದರೆ ಒಡೆಯುತ್ತದೆ. ಡಬ್ಬಿ ಹಾಲು ಅಷ್ಟು ಬೇಗ ಒಡೆಯುವುದಿಲ್ಲ, ಆದರೆ ತಾಜಾ ಕಾಯಿಯ ಸಿಹಿ ಅದಕ್ಕಿಲ್ಲ.

ಮೇಲೆ ಉದುರಿಸಲು ಕೆಸುಮ್ ಸೊಪ್ಪು (ಲಕ್ಸಾ ಎಲೆ ಅಂತಲೂ ಅನ್ನುತ್ತಾರೆ) ಬೇಕೇ ಬೇಕು, ಕೊತ್ತಂಬರಿ ಸೊಪ್ಪಿನಿಂದ ಆ ಖಾರದ ಘಮ ಬರುವುದಿಲ್ಲ. ಮಾರ್ಕೆಟ್ಟಿಂದ ತಂದ ಕಟ್ಟಿನಲ್ಲಿ ಎರಡು ಕಡ್ಡಿ ಲೋಟದ ನೀರಿನಲ್ಲಿ ನಿಲ್ಲಿಸಿ, ಬೇರು ಬಿಡುತ್ತದೆ. ನಮ್ಮ ಬಾಲ್ಕನಿಯ ಕುಂಡದಲ್ಲಿರುವುದು ಹಾಗೇ ಬಂದ ಗಿಡ.